ಎದುರು ಗಾಡಿ ಇಲ್ಲದ ಅಪಘಾತ: ಕಾರಿನೊಳಗೆ ಕೂತಿದ್ದವರಿಗೆ ಪರಿಹಾರ ಕೊಡುವವರು ಯಾರು?

ಬೆಳಗಿನ ಜಾವ ನಾಲ್ಕರ ಹೊತ್ತು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರು ಡಿವೈಡರ್‌ಗೆ ಹೊಡೆದು ಮಗುಚುತ್ತದೆ. ಎದುರಿನಿಂದ ಲಾರಿ ಬಂದಿಲ್ಲ, ಹಿಂದಿನಿಂದ ಬಸ್ಸು ಗುದ್ದಿಲ್ಲ. ಒಳಗಿದ್ದವರು ನಾಲ್ವರು, ಓಡಿಸುತ್ತಿದ್ದವನು ತಮ್ಮನೋ ಭಾವನೋ ಗೆಳೆಯನೋ. ಒಬ್ಬರ ತೊಡೆಮೂಳೆ ಮುರಿದಿದೆ, ಇನ್ನೊಬ್ಬರ ತಲೆಗೆ ಪೆಟ್ಟಾಗಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ತಿಳಿದವರು ಹೇಳುತ್ತಾರೆ: "ಆಪೋಸಿಟ್ ಗಾಡಿ ಇಲ್ಲಾಂದ್ರೆ ಕೇಸ್ ನಿಲ್ಲಲ್ಲ ಬಿಡಿ." ಆ ಒಂದು ಮಾತಿಗೆ ಎಷ್ಟೋ ಕುಟುಂಬಗಳು ಅಲ್ಲಿಗೇ ಕೈಬಿಡುತ್ತವೆ.

ಆದರೆ ಆ ಮಾತು ತಪ್ಪು. ಪರಿಹಾರಕ್ಕಾಗಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅವಕಾಶ ಕೊಡುವ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್, ಎರಡು ವಾಹನ ಡಿಕ್ಕಿಯಾಗಿರಬೇಕು ಎಂದು ಎಲ್ಲೂ ಹೇಳುವುದಿಲ್ಲ. ಮೋಟಾರು ವಾಹನದ ಬಳಕೆಯಿಂದ ಗಾಯವಾಗಿರಬೇಕು, ಅದಕ್ಕೆ ಯಾರದೋ ನಿರ್ಲಕ್ಷ್ಯ ಕಾರಣವಾಗಿರಬೇಕು, ಅಷ್ಟೇ. ಸ್ಟೇರಿಂಗ್ ಮುಟ್ಟದೆ ಕೂತಿದ್ದವರ ಮೇಲೆ ಆ ನಿರ್ಲಕ್ಷ್ಯವನ್ನು ಹೊರಿಸಲು ಬರುವುದಿಲ್ಲ. ಹಾಗಾಗಿ ಇಂಥ ಅಪಘಾತದಲ್ಲಿ ಕಾನೂನಿನ ಪ್ರಕಾರ ಅತ್ಯಂತ ಗಟ್ಟಿ ನೆಲೆಯಲ್ಲಿರುವವರು ಪ್ರಯಾಣಿಕರೇ. ಆದರೂ ಅವರು ಸೋಲುತ್ತಾರೆ. ಸೋಲಿಸುವುದು ಸಾಮಾನ್ಯವಾಗಿ ಎರಡು ವಾಕ್ಯಗಳು: ಒಂದು, ಕಾರಿನ ಪಾಲಿಸಿಯಲ್ಲಿ ಅಚ್ಚಾಗಿರುವುದು, ಇನ್ನೊಂದು, ಆಸ್ಪತ್ರೆಯಲ್ಲೋ ಠಾಣೆಯಲ್ಲೋ ಮೊದಲು ಬರೆಸಿದ್ದು.

ಪಾಲಿಸಿಯ ವಾಕ್ಯ

ಕಾರಿನ ವಿಮೆಯಲ್ಲಿ ಮುಖ್ಯವಾಗಿ ಎರಡು ಬಗೆ. ಜನ 'ಫುಲ್ ಇನ್ಶೂರೆನ್ಸ್' ಅನ್ನುವ ಪ್ಯಾಕೇಜ್ ಪಾಲಿಸಿ ಒಂದು, 'ಥರ್ಡ್ ಪಾರ್ಟಿ' ಅನ್ನುವ ಲಯಬಿಲಿಟಿ ಓನ್ಲಿ ಪಾಲಿಸಿ ಇನ್ನೊಂದು. ಡೆಂಟ್ ಆದರೆ ದುಡ್ಡು ಬರುತ್ತದೋ ಇಲ್ಲವೋ ಎಂಬುದಷ್ಟೇ ಇವೆರಡರ ವ್ಯತ್ಯಾಸ ಎಂದು ಹೆಚ್ಚಿನವರು ತಿಳಿದಿದ್ದಾರೆ. ಒಳಗೆ ಕೂತವರ ಪಾಲಿಗೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ.

ಪ್ಯಾಕೇಜ್ ಪಾಲಿಸಿಯ ಎರಡನೇ ಭಾಗ, ಅಂದರೆ ಮೂರನೆಯವರ ಬಗೆಗಿನ ಹೊಣೆಯ ಭಾಗ, ಕಾರಿನಲ್ಲಿ ಪ್ರಯಾಣಿಸುತ್ತಿರುವವರನ್ನೂ ಸೇರಿಸಿ ಯಾವುದೇ ವ್ಯಕ್ತಿಯ ಸಾವು ಅಥವಾ ಗಾಯಕ್ಕೆ ಹೊಣೆ ಹೊರುತ್ತದೆ. ಷರತ್ತು ಒಂದೇ, ಅವರನ್ನು ಬಾಡಿಗೆಗೆ ಕೂರಿಸಿಕೊಂಡಿರಬಾರದು. ಲಯಬಿಲಿಟಿ ಓನ್ಲಿ ಪಾಲಿಸಿಯ ಅದೇ ಜಾಗದಲ್ಲಿ ಬೇರೆ ಮಾತಿದೆ: ಮೋಟಾರು ವಾಹನ ಕಾಯ್ದೆಯ ಅಗತ್ಯ ಪೂರೈಸಲು ಎಷ್ಟು ಬೇಕೋ ಅಷ್ಟು ಮಾತ್ರ. ಖಾಸಗಿ ಕಾರಿನಲ್ಲಿ ಸುಮ್ಮನೆ ಜೊತೆಗೆ ಬಂದವರಿಗೆ ಕಡ್ಡಾಯ ವಿಮೆ ಬೇಕೆಂದು ಕಾಯ್ದೆ ಹೇಳುವುದಿಲ್ಲ ಎಂಬ ನಿಲುವನ್ನು ನ್ಯಾಯಾಲಯಗಳು ದಶಕಗಳಿಂದ ತಾಳುತ್ತ ಬಂದಿವೆ. ಬೈಕಿನ ಹಿಂಬದಿ ಸವಾರರ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೂ ಇದನ್ನೇ. ಅಲ್ಲಿಗೆ ಥರ್ಡ್ ಪಾರ್ಟಿ ಪಾಲಿಸಿಯ ಕಾರು ರಸ್ತೆಯಲ್ಲಿ ನಡೆಯುವವರಿಗೆ ಗುದ್ದಿದರೆ ಕಂಪನಿ ಕೊಡುತ್ತದೆ, ಹಿಂದಿನ ಸೀಟಿನಲ್ಲಿದ್ದ ಅತ್ತಿಗೆಯ ಕಾಲು ಮುರಿದರೆ ಕೊಡುವುದಿಲ್ಲ.

ಪ್ಯಾಕೇಜ್ ಪಾಲಿಸಿ ಇದ್ದಾಗಲೂ ಕಂಪನಿಗಳು ಹಿಂದೆ ತಕರಾರು ಎತ್ತುತ್ತಿದ್ದವು. 2009ರ ನವೆಂಬರ್ 16ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಪ್ಯಾಕೇಜ್ ಪಾಲಿಸಿಯಲ್ಲಿ ಕಾರಿನ ಪ್ರಯಾಣಿಕರೂ ಬೈಕಿನ ಹಿಂಬದಿ ಸವಾರರೂ ಒಳಗೊಂಡಿದ್ದಾರೆ ಎಂದು ಸ್ಪಷ್ಟಪಡಿಸಿತು. ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂದಿಗೂ ಕಂಪನಿಯ ವಕೀಲರು ಪ್ರಯಾಣಿಕರು ಥರ್ಡ್ ಪಾರ್ಟಿ ಅಲ್ಲ ಎಂಬ ಸಾಲನ್ನು ಆಕ್ಷೇಪಣೆಯಲ್ಲಿ ಹಾಕುತ್ತಾರೆ. ಅದು ಅಭ್ಯಾಸಬಲ, ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಹಳೇ ಕಾರಿಗೆ. ಹತ್ತು ವರ್ಷದ ಕಾರಿಗೆ ಫುಲ್ ಇನ್ಶೂರೆನ್ಸ್ ಯಾಕೆ ಅಂದುಕೊಂಡು ಥರ್ಡ್ ಪಾರ್ಟಿ ಮಾತ್ರ ಮಾಡಿಸುವುದು ನಮ್ಮಲ್ಲಿ ರೂಢಿ. 2022ರ ಜೂನ್‌ನಿಂದ ಜಾರಿಯಾದ ದರಪಟ್ಟಿಯಲ್ಲಿ 1000ದಿಂದ 1500 ಸಿಸಿವರೆಗಿನ ಕಾರಿಗೆ ಅದರ ಪ್ರೀಮಿಯಂ 3,416 ರೂಪಾಯಿ. ಮಾಲೀಕನ ಲೆಕ್ಕದಲ್ಲಿ ಅದು ಉಳಿತಾಯ. ಆದರೆ ಹಬ್ಬಕ್ಕೆ ಊರಿಗೆ ಐದು ಜನ ಹತ್ತಿ ಹೊರಟಾಗ, ಆ ಐವರಲ್ಲಿ ಯಾರಿಗೂ ಹೊಣೆಯ ಭಾಗದಲ್ಲಿ ರಕ್ಷಣೆ ಇರುವುದಿಲ್ಲ. ಅದು ಅವರಿಗೆ ಗೊತ್ತೂ ಇರುವುದಿಲ್ಲ.

ಈ ಕೊರತೆ ಮುಚ್ಚುವ ಒಂದು ಪ್ರಯತ್ನವೂ ನಡೆಯಿತು. ಇಂಥದೇ ಒಂದು ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ, ಹೊಸ ವಾಹನಗಳಿಗೆಲ್ಲ ಚಾಲಕ, ಪ್ರಯಾಣಿಕ, ಮಾಲೀಕ ಮೂವರನ್ನೂ ಒಳಗೊಂಡ ಐದು ವರ್ಷದ 'ಬಂಪರ್ ಟು ಬಂಪರ್' ವಿಮೆ ಕಡ್ಡಾಯ ಎಂದಿತು. ಮುಂದಿನ ತಿಂಗಳೇ ಆ ಆದೇಶ ಹಿಂದಕ್ಕೆ ಹೋಯಿತು. ಕಾಯ್ದೆಯಲ್ಲಿ ಇಲ್ಲದ್ದನ್ನು ಆದೇಶದಲ್ಲಿ ತರುವುದು ಕಷ್ಟ. ಕಾಯ್ದೆ ತಿದ್ದಬೇಕಾದವರು ಅದರ ಗೊಡವೆಗೆ ಹೋಗಿಲ್ಲ.

ವೈಯಕ್ತಿಕ ಅಪಘಾತ ವಿಮೆ ಬೇರೆಯೇ ವಿಚಾರ. ಪಾಲಿಸಿಯ ಷೆಡ್ಯೂಲ್‌ನಲ್ಲಿ 'ಐಎಂಟಿ 16' ಎಂದು ನಮೂದಾಗಿದ್ದರೆ ಹೆಸರಿಲ್ಲದ ಪ್ರಯಾಣಿಕರಿಗೂ ತಲಾ ಒಂದು ನಿಗದಿತ ಮೊತ್ತ ಇದೆ ಎಂದರ್ಥ, ಗರಿಷ್ಠ 2 ಲಕ್ಷ. ಅದಕ್ಕೆ ಯಾರ ತಪ್ಪೂ ಸಾಬೀತಾಗಬೇಕಿಲ್ಲ. ಆದರೆ ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಕಳೆದುಕೊಂಡದ್ದಕ್ಕೆ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಮಾತ್ರ. ಮುರಿದ ಮೂಳೆಗೆ, ಆಸ್ಪತ್ರೆ ಬಿಲ್ಲಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಕಾರಿನೊಳಗೆ ಎಲ್ಲರೂ ಒಂದೇ ಅಲ್ಲ

ಅಪ್ಪ ಓಡಿಸುತ್ತಿದ್ದಾರೆ, ಕಾರು ಅಪ್ಪನ ಹೆಸರಿನಲ್ಲೇ ಇದೆ. ಪಕ್ಕದಲ್ಲಿ ಅಮ್ಮ, ಹಿಂದೆ ಮಕ್ಕಳು. ಪ್ಯಾಕೇಜ್ ಪಾಲಿಸಿ ಇದ್ದರೆ ಅಮ್ಮನೂ ಮಕ್ಕಳೂ ಅರ್ಜಿ ಹಾಕಬಹುದು. ಪ್ರಯಾಣಿಕರು ಎಂಬ ಪದದಿಂದ ಮನೆಯವರನ್ನು ಹೊರಗಿಡುವ ಮಾತು ಪಾಲಿಸಿಯಲ್ಲಿಲ್ಲ. ಆದರೆ ಅರ್ಜಿಯಲ್ಲಿ ಒಂದನೇ ಎದುರುದಾರರಾಗಿ ಅಪ್ಪನ ಹೆಸರೇ ಬರಬೇಕು, ಎರಡನೆಯದು ವಿಮಾ ಕಂಪನಿ. "ಗಂಡನ ಮೇಲೆ ಹೆಂಡತಿ ಕೇಸ್ ಹಾಕೋದಾ?" ಎಂದು ಮನೆಯಲ್ಲಿ ಗದ್ದಲವಾಗುವುದು ಇಲ್ಲೇ. ಪಾಲಿಸಿ ಸರಿಯಿದ್ದರೆ ದುಡ್ಡು ಕಟ್ಟುವುದು ಕಂಪನಿ. ಆದರೆ ಠಾಣೆಯಲ್ಲಿ ಕ್ರಿಮಿನಲ್ ಪ್ರಕರಣವೂ ಅಪ್ಪನ ಮೇಲೆ ದಾಖಲಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125, ಸಾವಾಗಿದ್ದರೆ 106(1).

ಅಪ್ಪನಿಗೇ ಗಾಯವಾಗಿದ್ದರೆ? ತನ್ನ ತಪ್ಪಿಗೆ ತಾನೇ ಪರಿಹಾರ ಕೇಳಲು ಬರುವುದಿಲ್ಲ. ಅರಸೀಕೆರೆ ಕಡೆಗೆ ಹೊರಟಿದ್ದ ಕಾರು 2014ರಲ್ಲಿ ಮಗುಚಿ ಚಾಲಕ ತೀರಿಕೊಂಡ ಪ್ರಕರಣ ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ. ಕುಟುಂಬ 80 ಲಕ್ಷ ಕೇಳಿತ್ತು. ಅತಿವೇಗ, ಅಜಾಗರೂಕತೆ ಚಾಲಕನದೇ ಆದ್ದರಿಂದ ವಾರಸುದಾರರಿಗೆ ಹಕ್ಕಿಲ್ಲ ಎಂದು ಹೈಕೋರ್ಟ್ ಹೇಳಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಈ ಸುದ್ದಿಯನ್ನು 'ಅತಿವೇಗದಲ್ಲಿ ಸತ್ತರೆ ವಿಮೆ ಇಲ್ಲ' ಎಂಬ ಶೀರ್ಷಿಕೆಯಲ್ಲಿ ಓದಿದವರು, ಅದೇ ಕಾರಿನಲ್ಲಿದ್ದ ಪ್ರಯಾಣಿಕರಿಗೂ ಇಲ್ಲ ಎಂದು ತಿಳಿದರು. ಆ ತೀರ್ಪು ಚಾಲಕನಿಗೆ ಸಂಬಂಧಿಸಿದ್ದು. ಪಕ್ಕದ ಸೀಟಿನವರ ಹಕ್ಕನ್ನು ಅದು ಮುಟ್ಟಿಲ್ಲ.

ಗೆಳೆಯನ ಗಾಡಿ ಎರವಲು ಪಡೆದು ಓಡಿಸಿದವರೂ ಮಾಲೀಕನ ಜಾಗದಲ್ಲೇ ನಿಲ್ಲುತ್ತಾರೆ. ಇಳಕಲ್ಲಿನಿಂದ ಊರಿಗೆ ಎರವಲು ಬೈಕಿನಲ್ಲಿ ಹೊರಟವರು ಎತ್ತಿನಗಾಡಿಗೆ ಗುದ್ದಿ ಸತ್ತ ನಿಂಗಮ್ಮ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟ್ ಹಾಗೆ ಹೇಳಿತು. ಇನ್ನು ಮಾಲೀಕನೇ ಹಿಂದೆ ಕೂತು, ಸಂಬಳದ ಚಾಲಕ ಓಡಿಸುತ್ತಿದ್ದರೆ? ತಪ್ಪು ಚಾಲಕನದಾದರೂ ಮಾಲೀಕ ತನ್ನದೇ ಪಾಲಿಸಿಯ ಹೊಣೆಯ ಭಾಗದಿಂದ ಪಡೆಯಲಾರ ಎಂಬುದು 2004ರ ಧನರಾಜ್ ತೀರ್ಪು. ಅವರಿಗೆ ಉಳಿಯುವುದು 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ. ಅದೂ ತಾವೇ ಓಡಿಸುತ್ತಿದ್ದಾಗ ಅಥವಾ ಸಹಚಾಲಕರಾಗಿ ಕೂತಿದ್ದಾಗ.

ಯೆಲ್ಲೋ ಬೋರ್ಡ್ ಟ್ಯಾಕ್ಸಿಯಲ್ಲಿದ್ದವರಿಗೆ ಈ ತಲೆನೋವಿಲ್ಲ. ಸಾರಿಗೆ ವಾಹನದ ಪ್ರಯಾಣಿಕರಿಗೆ 147ನೇ ಸೆಕ್ಷನ್ನಿನಲ್ಲಿ ವಿಮೆ ಕಡ್ಡಾಯ, ಥರ್ಡ್ ಪಾರ್ಟಿ ಪಾಲಿಸಿಯಾದರೂ ಸಾಕು. ಅಪಾಯ ಇರುವುದು ಧರ್ಮಸ್ಥಳಕ್ಕೋ ತಿರುಪತಿಗೋ ಬಾಡಿಗೆಗೆ ಹೋಗುವ ವೈಟ್ ಬೋರ್ಡ್ ಗಾಡಿಗಳಲ್ಲಿ. 'ಕಿಲೋಮೀಟರಿಗೆ ಇಷ್ಟು ಅಂತ ಮಾತಾಡಿಕೊಂಡಿದ್ವಿ' ಎಂಬ ಸಾಲು ಪೊಲೀಸ್ ಹೇಳಿಕೆಯಲ್ಲಿ ಬಂತೆಂದರೆ ಬಾಡಿಗೆಯ ಷರತ್ತು ಮುರಿದಂತೆ. ಪೆಟ್ರೋಲ್ ಖರ್ಚು ಹಂಚಿಕೊಂಡದ್ದನ್ನೂ ಬಾಡಿಗೆ ಎಂದು ತೋರಿಸಲು ಕಂಪನಿ ಪಾಟೀಸವಾಲಿನಲ್ಲಿ ಯತ್ನಿಸುತ್ತದೆ. ನಿಜವಾಗಿ ಬಾಡಿಗೆ ಕೊಟ್ಟಿದ್ದರೆ ಸುಳ್ಳು ಹೇಳಿ ಪ್ರಯೋಜನವಿಲ್ಲ, ಫೋನ್‌ಪೇ ದಾಖಲೆ ಸಾಕ್ಷಿ ಹೇಳುತ್ತದೆ. ಬರೀ ಖರ್ಚು ಹಂಚಿಕೊಂಡಿದ್ದರೆ ಹಾಗೆಂದೇ, ಅದೇ ಪದಗಳಲ್ಲಿ ಬರೆಸಬೇಕು. ಏಳು ಸೀಟಿನ ಗಾಡಿಯಲ್ಲಿ ಹನ್ನೊಂದು ಜನ ಇದ್ದರೆ, 2007ರ ಅಂಜನಾ ಶ್ಯಾಮ್ ತೀರ್ಪಿನಂತೆ ಕಂಪನಿಯ ಹೊಣೆ ಪಾಲಿಸಿ ಒಪ್ಪಿದ ಸಂಖ್ಯೆಗಷ್ಟೇ. ಹೆಚ್ಚಿನ ಮೊತ್ತದ ಅವಾರ್ಡ್‌ಗಳನ್ನು (ನ್ಯಾಯಮಂಡಳಿಯ ಪರಿಹಾರದ ಆದೇಶಗಳನ್ನು) ಅಷ್ಟು ಸಂಖ್ಯೆಗೆ ಲೆಕ್ಕ ಹಾಕಿ, ಬಂದ ಹಣವನ್ನು ಎಲ್ಲರಿಗೂ ಹಂಚಲಾಗುತ್ತದೆ.

ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ ಪ್ರಯಾಣಿಕರ ಕಥೆ ಮುಗಿಯಿತೇ? ಮುಗಿಯುವುದಿಲ್ಲ. ಷರತ್ತು ಮುರಿದಿದ್ದರೂ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು ಎಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರ ಮೇನಲ್ಲಿ ಹೇಳಿದೆ. ಆದರೆ ಇದು ಪಾಲಿಸಿ ಪ್ರಯಾಣಿಕರನ್ನು ಒಳಗೊಂಡಿದ್ದಾಗಿನ ಮಾತು. ಪಾಲಿಸಿಯೇ ಅವರನ್ನು ಒಳಗೊಂಡಿಲ್ಲದಿದ್ದರೆ, ಕೊಟ್ಟು ವಸೂಲು ಮಾಡು ಎನ್ನಲು ಆಧಾರ ಸಿಗುವುದು ಕಷ್ಟ. ಈ ಎರಡನ್ನು ಕಲಸಿಕೊಂಡು ವಾದಿಸುವ ಅರ್ಜಿಗಳು ಮೇಲ್ಮನವಿಯಲ್ಲಿ ಬಿದ್ದುಹೋಗುತ್ತವೆ.

ಮೊದಲು ಬರೆಸಿದ ವಾಕ್ಯ

ತುರ್ತು ವಾರ್ಡಿನಲ್ಲಿ ವೈದ್ಯರು ಕೇಳುತ್ತಾರೆ, ಹೇಗಾಯಿತು? ಓಡಿಸುತ್ತಿದ್ದವನನ್ನು ಉಳಿಸಲು ಜೊತೆಗಿದ್ದವರು 'ನಾಯಿ ಅಡ್ಡ ಬಂತು' ಅನ್ನುತ್ತಾರೆ. ಪೊಲೀಸ್ ಕೇಸೇ ಬೇಡವೆಂದು 'ಜಾರಿ ಬಿದ್ದರು' ಎಂದು ಬರೆಸುವವರೂ ಇದ್ದಾರೆ. ಆ ಸಾಲು ಎಂಎಲ್‌ಸಿ ರಿಜಿಸ್ಟರಿಗೆ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ಆಸ್ಪತ್ರೆ ಪುಸ್ತಕಕ್ಕೆ ಹೋಗುತ್ತದೆ, ಅಲ್ಲಿಂದ ವೂಂಡ್ ಸರ್ಟಿಫಿಕೇಟಿಗೆ, ಅಂದರೆ ಗಾಯದ ಪ್ರಮಾಣಪತ್ರಕ್ಕೆ. ವಾರ ಕಳೆದು ಬಿಲ್ಲು ಮೂರು ಲಕ್ಷ ದಾಟಿದಾಗ ದೂರು ಕೊಡುತ್ತಾರೆ: ಅತಿವೇಗ, ಅಜಾಗರೂಕತೆ. ಎರಡು ವರ್ಷದ ನಂತರ ಕಂಪನಿಯ ವಕೀಲರು ಮೊದಲ ಕಾಗದವನ್ನು ಕೈಯಲ್ಲಿ ಹಿಡಿದು ಕೇಳುವ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ದೂರು ತಡವಾದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಗಾಯಾಳುವಿನ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆಯೇ ಹೊರತು ಠಾಣೆಗಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಒಪ್ಪಿದೆ. ತಡಕ್ಕೆ ವಿವರಣೆ ಇರಬೇಕು. ಬದಲಾದ ಕಥೆಗೆ ಮಾತ್ರ ವಿವರಣೆ ಕಷ್ಟ.

ನಿರ್ಲಕ್ಷ್ಯವನ್ನು ಸಾಬೀತುಮಾಡುವುದು ಇಂಥ ಪ್ರಕರಣಗಳಲ್ಲಿ ಜನ ಅಂದುಕೊಂಡಷ್ಟು ಕಠಿಣವಲ್ಲ. ಸರಿಯಾಗಿ ಓಡಿಸುತ್ತಿದ್ದ ಕಾರು ತಾನಾಗಿ ರಸ್ತೆ ಬಿಟ್ಟು ಮರಕ್ಕೆ ಹೊಡೆಯುವುದಿಲ್ಲ. ಘಟನೆಯೇ ಮಾತಾಡುತ್ತದೆ ಎಂಬ ಈ ತತ್ವವನ್ನು ಸುಪ್ರೀಂ ಕೋರ್ಟ್ 1977ರ ಪುಷ್ಪಾಬಾಯಿ ಪ್ರಕರಣದಲ್ಲಿ ಅನ್ವಯಿಸಿತ್ತು. ಅದೂ ಒಂಟಿ ಕಾರಿನ ಅಪಘಾತವೇ. ಕಾರು ರಸ್ತೆಯ ಬಲತುದಿಗೆ ಹೋಗಿ ಮರಕ್ಕೆ ಬಡಿದಿತ್ತು, ಎಂಜಿನ್ ಒಂದು ಅಡಿ ಹಿಂದಕ್ಕೆ ಸರಿದಿತ್ತು. ತಾನು ತಪ್ಪು ಮಾಡಿಲ್ಲ ಎಂದು ತೋರಿಸುವ ಹೊರೆ ಕಾರಿನವರ ಮೇಲೆ ಬಿತ್ತು. ವಿಚಿತ್ರವೆಂದರೆ, ಪ್ರಯಾಣಿಕರ ಪಾಲಿನ ಪಾಲಿಸಿ ಮಿತಿ 15,000 ರೂಪಾಯಿ ಎಂಬ ಕಾರಣಕ್ಕೆ ವಿಮಾ ಕಂಪನಿಯ ಹೊಣೆ ಅಷ್ಟಕ್ಕೇ ನಿಂತಿತ್ತು. ಅಂದೂ ಇಂದೂ ಗಂಟು ಅದೇ.

ಟೈರ್ ಸಿಡಿದರೆ ದೈವೇಚ್ಛೆ ಎಂಬ ವಾದವನ್ನು ಬಾಂಬೆ ಹೈಕೋರ್ಟ್ 2023ರಲ್ಲಿ ತಳ್ಳಿಹಾಕಿತು. ಸವೆದ ಟೈರು, ತಪ್ಪು ಗಾಳಿ, ಮಿತಿಮೀರಿದ ವೇಗ ಎಲ್ಲವೂ ಮನುಷ್ಯರ ಕೈಯಲ್ಲಿರುವಂಥದು. ಹಂದಿ, ನಾಯಿ ನಿಜವಾಗಿಯೇ ಅಡ್ಡ ಬಂದಿದ್ದರೆ ಹಾಗೆಂದೇ ಹೇಳಬೇಕು. ಆಗ ಪ್ರಶ್ನೆ, ರಾತ್ರಿ ಆ ರಸ್ತೆಯಲ್ಲಿ ಗಾಡಿಯನ್ನು ಹತೋಟಿಗೆ ತರಲಾಗದಷ್ಟು ವೇಗ ಯಾಕಿತ್ತು ಎಂಬುದು. ಅದಕ್ಕೆ ಉತ್ತರ ಸ್ಥಳ ಮಹಜರಿನಲ್ಲಿರುತ್ತದೆ: ಬ್ರೇಕ್ ಹಾಕಿದ ಗುರುತಿನ ಉದ್ದ, ರಸ್ತೆ ಅಂಚಿನಿಂದ ಕಾರು ನಿಂತ ಜಾಗಕ್ಕಿರುವ ದೂರ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ 'ಯಾಂತ್ರಿಕ ದೋಷದಿಂದ ಅಪಘಾತ ಆಗಿಲ್ಲ' ಎಂಬ ಸಾಲಿದೆಯೇ ನೋಡಿಕೊಳ್ಳಿ. ಚಾಲಕ ತೀರಿಕೊಂಡಿದ್ದರೆ ಪೊಲೀಸರು ಅಬೇಟೆಡ್ ಚಾರ್ಜ್‌ಶೀಟ್ ಹಾಕುತ್ತಾರೆ. ಕ್ರಿಮಿನಲ್ ಕೇಸು ಅಲ್ಲಿಗೆ ಮುಗಿದರೂ ಪ್ರಯಾಣಿಕರ ಅರ್ಜಿಗೆ ಅದೇ ಮುಖ್ಯ ದಾಖಲೆ.

ಇನ್ನೊಂದು ಹಳೇ ಚಾಳಿ ಚಾಲಕನನ್ನು ಬದಲಾಯಿಸುವುದು. ಕುಡಿದಿದ್ದವನೋ ಲೈಸೆನ್ಸ್ ಇಲ್ಲದವನೋ ಓಡಿಸಿರುತ್ತಾನೆ, ಲೈಸೆನ್ಸ್ ಇದ್ದವನು ತಾನೇ ಓಡಿಸಿದೆ ಎಂದು ಬರೆಸುತ್ತಾನೆ. ಗಾಯಗಳು ಸುಳ್ಳು ಹೇಳುವುದಿಲ್ಲ. ನಮ್ಮ ಕಾರುಗಳಲ್ಲಿ ಚಾಲಕನ ಸೀಟ್‌ಬೆಲ್ಟ್ ಬಲಭುಜದ ಮೇಲಿಂದ ಬರುತ್ತದೆ, ಪಕ್ಕದವರದು ಎಡಭುಜದ ಮೇಲಿಂದ. ಉಜ್ಜಿದ ಗುರುತು ಯಾವ ಭುಜದಲ್ಲಿದೆ ಎಂಬುದನ್ನು ಕಂಪನಿಯ ತನಿಖೆದಾರರು ಮೊದಲು ನೋಡುತ್ತಾರೆ. ಸುಳ್ಳು ಹೊರಬಿದ್ದರೆ ಮುಳುಗುವುದು ಏನೂ ತಪ್ಪು ಮಾಡದ ಪ್ರಯಾಣಿಕರ ಅರ್ಜಿ. ಅದೂ, ಮೇಲೆ ಹೇಳಿದಂತೆ, ಚಾಲಕನ ಲೈಸೆನ್ಸ್ ದೋಷ ಅವರ ಹಕ್ಕನ್ನು ಕೊಲ್ಲುತ್ತಲೇ ಇರಲಿಲ್ಲ!

ಸೀಟ್‌ಬೆಲ್ಟ್ ಹಾಕಿರಲಿಲ್ಲ ಎಂಬ ವಾದವೂ ಬರುತ್ತದೆ. ನಿಯಮ ಮುರಿದದ್ದೇ ಸಹ-ನಿರ್ಲಕ್ಷ್ಯ (ಗಾಯಾಳುವಿನದೂ ಒಂದು ಪಾಲು ತಪ್ಪು) ಆಗುವುದಿಲ್ಲ, ಅದರಿಂದಲೇ ಅಪಘಾತವೋ ಗಾಯವೋ ಆಯಿತೆಂದು ತೋರಿಸಬೇಕು. ಮೂವರು ಕೂತ ಬೈಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಈ ತರ್ಕ ಇಲ್ಲಿಗೂ ಹೊಂದುತ್ತದೆ.

ಮೊತ್ತ ಹೇಗೆ ಬೆಳೆಯುತ್ತದೆ, ಹೇಗೆ ಕುಗ್ಗುತ್ತದೆ

34 ವರ್ಷದ ಎಲೆಕ್ಟ್ರಿಷಿಯನ್ ಒಬ್ಬರನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ತಿಂಗಳ ದುಡಿಮೆ 20,000 ಎಂದು ಸಾಬೀತಾಗಿದೆ, ತೊಡೆ ಮತ್ತು ಮೊಣಕಾಲು ಮುರಿದಿದೆ. ಮೂಳೆ ವೈದ್ಯರು ಕಾಲಿಗೆ ಶೇ 36 ಅಂಗವೈಕಲ್ಯ ಎಂದು ಹೇಳಿದ್ದಾರೆ. ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತವೆ, ಅಂದರೆ ಶೇ 12. ಸರಳಾ ವರ್ಮಾ ತೀರ್ಪಿನಂತೆ 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸಬೇಕಾದ ಸಂಖ್ಯೆ, 16. ಲೆಕ್ಕ: 20,000 × 12 × 16 × ಶೇ 12 = 4,60,800 ರೂಪಾಯಿ.

ಇಲ್ಲಿಗೇ ನಿಲ್ಲುವ ವಕೀಲರು ಕಕ್ಷಿದಾರರಿಗೆ ಅನ್ಯಾಯ ಮಾಡುತ್ತಾರೆ. ರಾಜ್‌ಕುಮಾರ್ ತೀರ್ಪು (2011) ಕೇಳುವುದು ದೇಹದ ಶೇಕಡಾವಾರನ್ನಲ್ಲ, ದುಡಿಮೆಗೆ ಬಿದ್ದ ಹೊಡೆತವನ್ನು. ಏಣಿ ಹತ್ತಲಾಗದ, ಕುಕ್ಕರಗಾಲಲ್ಲಿ ಕೂರಲಾಗದ ಎಲೆಕ್ಟ್ರಿಷಿಯನ್ನಿಗೆ ಅದು ಶೇ 12 ಆಗಿರಲು ಸಾಧ್ಯವೇ? ಮಂಡಳಿ ಶೇ 25 ಎಂದು ಒಪ್ಪಿದರೆ ಅದೇ ಲೆಕ್ಕ 9,60,000ಕ್ಕೆ ಏರುತ್ತದೆ. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಭವಿಷ್ಯದ ಏಳಿಗೆ ಎಂದು ಶೇ 40 ಸೇರಿಸಬೇಕು ಎಂದದ್ದು 2017ರ ಪ್ರಣಯ್ ಸೇಠಿ ತೀರ್ಪು. ಶಾಶ್ವತ ಅಂಗವೈಕಲ್ಯದ ಗಾಯಾಳುಗಳಿಗೂ ಅದು ಸಲ್ಲುತ್ತದೆ ಎಂದು 2020ರಲ್ಲಿ ಇತ್ಯರ್ಥವಾಗಿದೆ. ಸೇರಿಸಿದರೆ 13,44,000. ಗಾಯ ಅದೇ, ವ್ಯತ್ಯಾಸ ಒಂಬತ್ತು ಲಕ್ಷಕ್ಕೆ ಸಮೀಪ.

ಇದರ ಜೊತೆಗೆ ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ದುಡಿಮೆ ನಷ್ಟ, ರಾಡು-ಪ್ಲೇಟು ತೆಗೆಸುವ ಮುಂದಿನ ಶಸ್ತ್ರಚಿಕಿತ್ಸೆ, ನೋಡಿಕೊಂಡವರ ಖರ್ಚು, ನೋವು-ಸಂಕಟ, ಬದುಕಿನ ಸುಖ ಕಳೆದದ್ದು ಸೇರುತ್ತವೆ. ಬಿಲ್ಲುಗಳು ಮೂಲಪ್ರತಿಯಾಗಿರಬೇಕು, ಔಷಧದ ಬಿಲ್ಲಿನ ಜೊತೆಗೆ ಚೀಟಿಯೂ ಇರಬೇಕು. ಆದಾಯಕ್ಕೆ ಸಂಬಳದ ಚೀಟಿ ಇಲ್ಲದವರು ಅಪಘಾತಕ್ಕೆ ಹಿಂದಿನ ಒಂದು ವರ್ಷದ ಬ್ಯಾಂಕ್ ಮತ್ತು ಯುಪಿಐ ವಿವರ ತೆಗೆದಿಡಿ. ಏನೂ ಇಲ್ಲದಿದ್ದರೆ ಮಂಡಳಿ ಲೋಕ ಅದಾಲತ್‌ಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿದ ಕಾಲ್ಪನಿಕ ಆದಾಯದ ಪಟ್ಟಿಗೆ ಹೋಗುತ್ತದೆ. ಕಸಬುದಾರರಿಗೆ ಅದರಿಂದ ನಷ್ಟವೇ ಹೆಚ್ಚು. ಮೂಳೆ ಕೂಡುವ ಮೊದಲೇ ಪಡೆದ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ. ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ನುಡಿದರೆ ತೂಕ ಹೆಚ್ಚು. ತಲೆಗೆ ಪೆಟ್ಟಾದವರಲ್ಲಿ ಸ್ಕ್ಯಾನ್ ಸರಿಯಿದ್ದೂ ಮರೆವು, ಸಿಡುಕು ಉಳಿದಿರುತ್ತದೆ. ಅದಕ್ಕೆ ನ್ಯೂರೋಸೈಕಾಲಜಿ ಪರೀಕ್ಷೆಯ ವರದಿ ಬೇಕು, ಇಲ್ಲದಿದ್ದರೆ ಕಾಗದದ ಮೇಲೆ ಅವರು ಗುಣವಾದವರು.

ಮೆಡಿಕ್ಲೇಮ್‌ನಿಂದ ಬಂದ ಹಣವನ್ನು ಆಸ್ಪತ್ರೆ ಖರ್ಚಿನಿಂದ ಕಳೆಯಬೇಕೆಂದು ಕರ್ನಾಟಕ ಹೈಕೋರ್ಟ್ ಹೇಳಿದ್ದಿದೆ. ಕಳೆಯುವಂತಿಲ್ಲ ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರಲ್ಲಿ ಹೇಳಿದೆ. ಇಲ್ಲಿ ಅರ್ಜಿ ಹಾಕುವವರು ಕೈಯಿಂದ ಕಟ್ಟಿದ್ದೆಷ್ಟು ಎಂಬುದನ್ನು ಬೇರೆ ಪಟ್ಟಿ ಮಾಡಿಡುವುದು ಒಳ್ಳೆಯದು.

ಗಡುವು, ದಾರಿ, ವಸೂಲಿ

2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು ಬಂದಿದೆ. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದ್ದು, ಗಡುವು ಮೀರಿದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ಕೊನೆಯಲ್ಲಿ ಮಧ್ಯಂತರ ಆದೇಶ ಬಂತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದಕ್ಕಿಂತ ಐದನೇ ತಿಂಗಳಲ್ಲಿ ಹಾಕುವುದು ಲೇಸು. ಅಪಘಾತವಾದ ಊರಿನಲ್ಲೇ ಹಾಕಬೇಕಿಲ್ಲ, ನೀವು ವಾಸಿಸುವ ಜಾಗದ ನ್ಯಾಯಮಂಡಳಿ ಸಾಕು. ಬೆಂಗಳೂರಿನಲ್ಲಾದರೆ ಲಘು ವ್ಯವಹಾರಗಳ ನ್ಯಾಯಾಲಯ. ಪೊಲೀಸರು 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನೂ 90 ದಿನದಲ್ಲಿ ವಿವರ ವರದಿಯನ್ನೂ ಮಂಡಳಿಗೆ ಕಳಿಸಬೇಕೆಂಬ ನಿಯಮವಿದೆ, ಅದನ್ನೇ ಅರ್ಜಿಯಾಗಿ ಪರಿಗಣಿಸಲೂಬಹುದು. ಆದರೆ ಅದನ್ನು ನಂಬಿಕೊಂಡು ಸ್ವಂತ ಅರ್ಜಿ ಬಿಡಬೇಡಿ.

ಯಾರ ತಪ್ಪನ್ನೂ ತೋರಿಸಲು ಆಗದಿದ್ದರೆ 164ನೇ ಸೆಕ್ಷನ್ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ನಿರ್ಲಕ್ಷ್ಯದ ಪ್ರಶ್ನೆಯೇ ಇಲ್ಲ. ಚಿಕಿತ್ಸೆಯ ಮಟ್ಟಿಗೆ, 2025ರ ಮೇನಲ್ಲಿ ಜಾರಿಯಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ನಿಗದಿತ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷದವರೆಗೆ ಪ್ರತಿ ಗಾಯಾಳುವಿಗೂ ಸಿಗುತ್ತದೆ. ಎದುರು ಗಾಡಿ ಇರಬೇಕೆಂಬ ಷರತ್ತಿಲ್ಲ. ಅಪಘಾತದ ಪೊಲೀಸ್ ದಾಖಲೆ ಆಗಿರಬೇಕು. 'ಜಾರಿ ಬಿದ್ದರು' ಎಂದು ಬರೆಸಿದವರು ಇದನ್ನೂ ಕಳೆದುಕೊಳ್ಳುತ್ತಾರೆ.

ಪಾಲಿಸಿ ಥರ್ಡ್ ಪಾರ್ಟಿಯೇ ಆಗಿದ್ದರೂ ಅರ್ಜಿ ಬೀಳುವುದಿಲ್ಲ, ಕಂಪನಿಯಷ್ಟೇ ಬಿಡುಗಡೆಯಾಗುತ್ತದೆ. ಅವಾರ್ಡ್ ಮಾಲೀಕರ ಮೇಲೆ ಆಗುತ್ತದೆ, 174ನೇ ಸೆಕ್ಷನ್ನಿನಡಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಹೋಗುತ್ತದೆ. ಎದುರಿಗಿರುವುದು ಹತ್ತು ವರ್ಷದ ಗುಜರಿ ಕಾರು, ಎರಡು ಎಕರೆ ಜಮೀನು, ಅದರಲ್ಲಿ ಅಣ್ಣತಮ್ಮಂದಿರ ಪಾಲು. ಬಹಳಷ್ಟು ಸಲ ಗಾಯಾಳುವೂ ಅದೇ ಮನೆಯವರು.